ಕೊಕ್ಕರೆ ನಿಂತ ಹೊತ್ತು

ಮಾರ್ಚ್ 4, ಸಂಜೆ
ಗಿರಾಕಿಯ ಪ್ಯಾಂಟಿಗೆ ಜಿಪ್ಪು ಹೊಲಿದು, ಟೈಲರಿಂಗ್ ಅಂಗಡಿ ಮುಚ್ಚಿ ಕರಾಟೆ ಕ್ಲಾಸಿಗೆ ಓಡಿದೆ. ಮತ್ತೆ ಗನ್ಕಾಕು. ಬಂಡೆಯ ಮೇಲಿನ ಕೊಕ್ಕರೆ ಅಂತ ಅರ್ಥ. ದೊಡ್ಡ ಕಾಟಾ, ಅಂದರೆ ಗೊತ್ತುಮಾಡಿದ ವರಸೆಗಳ ಸರಣಿ, ಒಬ್ಬರೇ ಮಾಡುವುದು, ಎದುರಾಳಿಗಳೆಲ್ಲ ಮನಸ್ಸಿನಲ್ಲಿ. ತಿರುಗಿ ಒಂಟಿ ಕಾಲಲ್ಲಿ ನಿಲ್ಲುವ ಮುಂಚೆ ಒಂದು ಗಳಿಗೆ ತಡೆಯಬೇಕು. ನಮಗೆ ಕಲಿಸಿದ ಮೇಷ್ಟ್ರು ಹಾಗೇ ಮಾಡುತ್ತಿದ್ದರು. ಅವರು ಊರು ಬಿಟ್ಟು ಎರಡು ವರ್ಷವಾಯಿತು... ಆ ಗಳಿಗೆಯಲ್ಲಿ ಈಗಲೂ ಪಕ್ಕದಲ್ಲೇ ಇದ್ದಾರೆ ಅನಿಸುತ್ತದೆ.

ಮಾರ್ಚ್ 9
ಬ್ಲ್ಯಾಕ್ ಬೆಲ್ಟ್ ಮೂರನೇ ಡಿಗ್ರಿ ಪರೀಕ್ಷೆ ಹತ್ತಿರ ಬಂತು. ಪರೀಕ್ಷಕರು ಮೊದಲೇ ಒಮ್ಮೆ ನೋಡಲು ಬಂದಿದ್ದರು. ಕಡ್ಡಿ ತುಂಡು ಮಾಡಿದ ಹಾಗೆ ಮಾತು.
"ಅಲ್ಯಾಕೆ ನಿಲ್ತೀರಿ?"
"ಕೊಕ್ಕರೆ ಕಿವಿಗೊಡೋ ಹೊತ್ತು ಸರ್. ಹಿಂದೆ ಶತ್ರು..."
"ಯಾರ್ ಹೇಳಿದ್ದು?"
ಯಾರೂ ಹೇಳಿರಲಿಲ್ಲ. ನಾನೇ ಕಟ್ಟಿಕೊಂಡ ಅರ್ಥ.
"ಕಾಟಾದಲ್ಲಿ ಅದಿಲ್ಲ. ತೆಗೀರಿ. ಇಲ್ದಿದ್ರೆ ಫೇಲ್."
ಮೈಯೆಲ್ಲ ಉರಿಯಿತು.

ಮಾರ್ಚ್ 10
ಧೈರ್ಯ ಮಾಡಿ ಮೇಷ್ಟ್ರಿಗೆ ಫೋನ್. ಬಿದ್ದು ಬಿದ್ದು ನಕ್ಕರು.
"ಅಯ್ಯೋ ಟೈಲರಮ್ಮ, ಅದು ನನ್ ಮಂಡಿನೋವು! ತಿರುಗೋ ಮುಂಚೆ ಚುಳ್ ಅಂತಿತ್ತು. ನೀವೆಲ್ಲ ಅದನ್ನೂ ಕಲ್ತ್ರಾ?"
ಇಡೀ ಕ್ಲಾಸೇ ಕಲಿತಿದೆ.
"ಈಗ ಹೇಗಿದೆ ನೋವು?"
"ಆಪರೇಷನ್ ಆಯ್ತಲ್ಲ. ಈಗ ನಾನೂ ನಿಲ್ಲಲ್ಲ."
ಆಪರೇಷನ್ ಆದದ್ದೇ ನನಗೆ ಗೊತ್ತಿಲ್ಲ. ಒಂಟಿ ಮನುಷ್ಯ. ಯಾರು ನೋಡಿಕೊಂಡರೋ. ಅವರ ಕಾಲಲ್ಲೇ ಇಲ್ಲದ ನೋವು ನನ್ನ ಕಾಲಲ್ಲಿ ಉಳಿದಿದೆ.

ಮಾರ್ಚ್ 19
ಆ ಒಂದು ಗಳಿಗೆ ನಿಲ್ಲುವುದು ಹೋಗುತ್ತಿಲ್ಲ. ಹೊಲಿಯುವುದಕ್ಕಿಂತ ಬಿಚ್ಚುವುದೇ ಕಷ್ಟ. ಹಜಾರದಲ್ಲಿ ಅಭ್ಯಾಸ ಮಾಡುತ್ತಿದ್ದರೆ ಅಕ್ಕ ಕಾಲೆಳೆದಳು — "ಮದುವೆ ವಯಸ್ಸಲ್ಲಿ ಬೇಡ ಅಂದೆ. ಈಗ ಯಾರಿಗೋಸ್ಕರವೇ ಒಂಟಿ ಕಾಲಲ್ಲಿ ತಪಸ್ಸು?"
ಅಕ್ಕನಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯಬಹುದು. ಅದು ಹೋಗುತ್ತಿಲ್ಲ ಅನ್ನುವುದು ಸುಳ್ಳು, ಕಳಿಸಲು ಮನಸ್ಸಿಲ್ಲ. ನನಗೆ ಅವರು ಬೇಕು.

ಏಪ್ರಿಲ್ 6
ಪರೀಕ್ಷೆ. ಆ ಜಾಗ ಬಂತು. ನಿಲ್ಲಲಿಲ್ಲ. ತಿರುಗಿದೆ, ಪಾದ ಎತ್ತಿದೆ, ಒದ್ದೆ. ಪಾಸು. ಎಲ್ಲರೂ ಕೈ ಕುಲುಕಿದರು. ಪಕ್ಕ ಖಾಲಿಯಾದಂತಾಗಿ ಅಳು ಬಂತು, ಖುಷಿಗೆ ಅಂದುಕೊಂಡರು.
ಹೊರಗೆ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದೆ.
"ಭೇಷ್ ಟೈಲರಮ್ಮ! ಇನ್ನು ನನ್ ಹತ್ರ ಕಲಿಯೋಕೆ ಏನೂ ಉಳಿದಿಲ್ಲ ನಿಮಗೆ."
"ಒಂದ್ಸಲ ಬನ್ನಿ ಮೇಷ್ಟ್ರೇ."
"ಬಂದು ಏನ್ ಕಲಿಸ್ಲಿ?"
"ಕಲಿಸೋಕಲ್ಲ."
ಅವರು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಆಮೇಲೆ ಅವರು, ತೀರಾ ಮೆಲ್ಲಗೆ — "ಹಾಗಾದ್ರೆ ಬರ್ತೀನಿ."