ಬೆಳ್ಳಗೆ ಮಾಡಿ ಕಳಿಸಿದ್ದೇನೆ

ಲಾಂಡ್ರಿಯ ಹಿಂದಿನ ಕೋಣೆ,
ಮಂಗಳವಾರ, ಊಟವಾದ ಮೇಲೆ

ನನ್ನ ಯಜಮಾನರಿಗೆ, ಒದ್ದೆ ಕೈ ಒರೆಸಿಕೊಂಡು ಬರೆಯುತ್ತಿರುವ ನಿಮ್ಮ ಹೆಂಡತಿಯ ನಮಸ್ಕಾರ.

ಮೊದಲು ಮೈ ಹೇಗಿದೆ ತಿಳಿಸಿ. ಎಡ ಮಂಡಿ ಮೆಟ್ಟಿಲು ಹತ್ತುವಾಗ ಈಗಲೂ ಲಟಕ್ ಅನ್ನುತ್ತದಾ? ನಿಮ್ಮ ಅಕ್ಕನ ಮನೆ ನೆಲಮಹಡಿಯಲ್ಲಿದೆ, ಗೋಡೆಗೆಲ್ಲ ತೇವ. ಮೂಳೆಗೆ ತೇವ ಆಗಿಬರಲ್ಲ ಅಂತ ನೀವೇ ಹೇಳುತ್ತಿದ್ದಿರಿ. ಚರ್ಮದ ಒಳಗಿರುವ ಮೂಳೆಗೂ ಅದೇ ನಿಯಮ ಇರಬೇಕು, ಜೋಪಾನ. ರಾತ್ರಿ ಕೆಮ್ಮು ಬಂದರೆ ಬಿಸಿನೀರು ಕುಡಿಯಿರಿ, ಅಕ್ಕನನ್ನು ಎಬ್ಬಿಸಬೇಡಿ, ಅವರು ನನ್ನಷ್ಟು ಸಲೀಸಾಗಿ ಏಳುವವರಲ್ಲ. ನಾನು ಚೆನ್ನಾಗಿದ್ದೇನೆ. ನೀವು ಕೇಳಿಲ್ಲ, ಆದರೂ ಪತ್ರ ಅಂದಮೇಲೆ ಆ ಸಾಲು ಇರಬೇಕಲ್ಲ. ಅಂಗಡಿಗೆ ಹೊಸ ಒಗೆಯುವ ಮೆಷಿನ್ ಬಂದಿದೆ. ಒಳ್ಳೆಯ ಸ್ವಭಾವದ್ದು. ಕೆಲಸ ನಿಲ್ಲಿಸಿದರೆ ಕೆಂಪು ದೀಪ ಹಚ್ಚಿ ಏನಾಗಿದೆ ಅಂತ ಹೇಳುತ್ತದೆ, ಮೂತಿ ತಿರುಗಿಸಿಕೊಂಡು ಕೂರುವುದಿಲ್ಲ.

ನಿಮ್ಮ ಪತ್ರ ಹೋದ ವಾರವೇ ಬಂತು. ಮನೆ ಬಿಟ್ಟ ಮೇಲೆ ಮೊದಲ ಪತ್ರ, ಹಾಗಾಗಿ ಗಿರಾಕಿಗಳನ್ನು ಕಾಯಿಸಿ ಓದಿದೆ. ನೀವು ಕೂಡಿಟ್ಟ ಪ್ರಾಣಿ ಮೂಳೆಗಳನ್ನು ಹೇಗೆ ಕಟ್ಟಿ ಕಳಿಸಬೇಕು ಅನ್ನುವುದೇ ಪತ್ರದ ತುಂಬ. ಬುರುಡೆಗಳನ್ನು ಹತ್ತಿಯಲ್ಲಿ ಸುತ್ತಬೇಕು, ಕೆಳದವಡೆ ಬೇರೆ ಕಟ್ಟಬೇಕು, ಬಾವಲಿಯ ರೆಕ್ಕೆ ಎಲುಬುಗಳನ್ನು ಬೆಂಕಿಪೊಟ್ಟಣದಲ್ಲಿ ಇಡಬೇಕು, ಗೂಬೆಯನ್ನು ಯಾರ ಕೈಗೂ ಕೊಡಬಾರದು. ಹಿಂದಿನ ಪುಟದಲ್ಲಾದರೂ ನನ್ನ ವಿಷಯ ಇರಬಹುದು ಅಂತ ಮಗುಚಿ ನೋಡಿದೆ. ಅಲ್ಲಿ ಉಡದ ಬಾಲ ಇತ್ತು. ನಮ್ಮ ಇಸ್ತ್ರಿಯವನು ಬಗ್ಗಿ ಓದಿ, "ಅಕ್ಕಾ, ಅಣ್ಣ ಇದನ್ನ ನಿಮಗೆ ಬರೆದಿದ್ದಾ, ಪಾರ್ಸೆಲ್ ಆಫೀಸಿಗಾ?" ಅಂದ. ಸುಮ್ನಿರೋ ಅಂದೆ. ಆ ದಿನ ಕಾಲರ್ ತಿಕ್ಕುವಾಗಲೆಲ್ಲ ಒಬ್ಬನೇ ನಗುತ್ತಿದ್ದ.

ಮ್ಯೂಸಿಯಂ ಕೆಲಸದ ಸುದ್ದಿ ನಿಜಕ್ಕೂ ದೊಡ್ಡದು. ಬರುವ ಶನಿವಾರ ಅವರ ಪರೀಕ್ಷಕರು ನಿಮ್ಮ ಸಂಗ್ರಹ ನೋಡುತ್ತಾರೆ, ಒಪ್ಪಿದರೆ ಗಾಜಿನ ಕಪಾಟು, ಕಪಾಟಿನ ಮೇಲೆ ನಿಮ್ಮ ಹೆಸರು, ಕೈಯಲ್ಲಿ ಆ ಕೊಠಡಿಯ ಬೀಗದ ಕೈ. ಸತ್ತ ಪ್ರಾಣಿಗಳಿಗೆ ಕಾವಲು. ನಿಮ್ಮ ಹಣೆಯಲ್ಲಿ ಇನ್ನೇನು ಬರೆದಿದ್ದರೂ ತಪ್ಪಾಗುತ್ತಿತ್ತು. ಇಷ್ಟು ವರ್ಷ ನೀವು ಮೂಳೆ ನೆನೆಹಾಕುತ್ತಿದ್ದ ಕೋಣೆಯ ನಾತಕ್ಕೆ ಗಿರಾಕಿಗಳಿಗೆಲ್ಲ "ಚರಂಡಿ ಕಟ್ಟಿದೆ, ನಾಳೆ ಜನ ಬರ್ತಾರೆ" ಅಂತ ಸುಳ್ಳು ಹೇಳಿದವಳಿಗೆ ನಿಮ್ಮ ಹೆಸರಿನ ಹಲಗೆ ನೋಡುವ ಆಸೆ ಇರುವುದಿಲ್ಲವಾ? ಕಸದವನ ಮುಂದೆ ಕೂಡ ನಿಮ್ಮನ್ನು ಬಿಟ್ಟುಕೊಟ್ಟಿಲ್ಲ ನಾನು. ನಿಮ್ಮ ಸೂಟ್‌ಕೇಸ್ ಒಯ್ಯಲು ಬಂದ ದಿನ ನಿಮ್ಮ ಅಕ್ಕ ನನ್ನ ಅಂಗಡಿಯ ಕುರ್ಚಿಯಲ್ಲೇ ಕೂತು, ನನ್ನದೇ ಟೀ ಊದಿಕೊಂಡು ಕುಡಿಯುತ್ತ, "ಪಾಪ, ಮೂಳೆ ಬಿಟ್ಟರೆ ಅವನಿಗೆ ಯಾರಿದ್ದಾರೆ ಹೇಳು" ಅಂದರು. ನಿಜ ಅತ್ತಿಗೆ, ಯಾರೂ ಇಲ್ಲ ಅಂದೆ. ಇನ್ನೊಂದು ಲೋಟ ಬಗ್ಗಿಸಿದೆ.

ಪತ್ರ ಬಂದ ರಾತ್ರಿಯೇ ಅಂಗಡಿ ಮುಚ್ಚಿ ನಿಮ್ಮ ಕೋಣೆ ತೆಗೆದೆ. ತೊಟ್ಟಿಗಳು ಒಣಗಿ ಅಂಚಿಗೆ ಪಾಚಿ ಕಟ್ಟಿದೆ. ಮೂಳೆಗೆ ಅಂಟಿದ ಮಾಂಸ ತಿನ್ನಿಸಲು ಸಾಕಿದ್ದ ಹುಳುಗಳು ತಿನ್ನಲು ಏನೂ ಇಲ್ಲದೆ ಡಬ್ಬಿಯಲ್ಲೇ ಸತ್ತಿವೆ, ನಿಮ್ಮನ್ನು ನಂಬಿದ್ದವು. ಮೊದಲು ಕೈಗೆ ಸಿಕ್ಕಿದ್ದು ಇಟ್ಟಿಗೆ ಗೂಡಿನಲ್ಲಿ ದುಡಿದು ಸತ್ತ ಕುದುರೆಯ ಬುರುಡೆ. ಅದು ನಿಮಗೆ ಎಷ್ಟು ಪ್ರೀತಿಯದ್ದು ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನಾನು ಗರ್ಭಕೋಶ ತೆಗೆಸಲು ಆಸ್ಪತ್ರೆ ಸೇರಿದಾಗ ಅದು ತೊಟ್ಟಿಯಲ್ಲಿ ನೆನೆಯುತ್ತಿತ್ತು. "ನೀರು ಬದಲಾಯಿಸೋ ಹೊತ್ತು ಕಣೇ, ಈಗ ಬಿಟ್ಟರೆ ಕಲೆ ಹಿಡಿಯುತ್ತೆ" ಅಂದು ಇಸ್ತ್ರಿಯವನ ಕೈಯಲ್ಲಿ ನನ್ನ ಬಟ್ಟೆ ಕಳಿಸಿದಿರಿ. ಅವನು ರಾತ್ರಿಯೆಲ್ಲ ಮಂಚದ ಪಕ್ಕದ ಸ್ಟೂಲಿನ ಮೇಲೆ ತೂಕಡಿಸಿದ. ನರ್ಸಮ್ಮ, "ನಿಮ್ಮ ಯಜಮಾನರಿಗೆ ಮನೆಗೆ ಹೋಗಿ ಮಲಗೋಕೆ ಹೇಳಿ, ಪಾಪ" ಅಂದಳು. ತಿದ್ದಲು ಹೋಗಲಿಲ್ಲ, ಹೊಲಿಗೆ ಎಳೆಯುತ್ತಿತ್ತು. ನಾನು ಗೋಡೆ ಹಿಡಿದು ಮನೆಯೊಳಗೆ ಬಂದಾಗ ಬಾಗಿಲಲ್ಲೇ ನಿಂತು ನೀವು ಕೇಳಿದ ಮೊದಲ ಮಾತು ನೆನಪಿದೆಯಾ? "ತೆಗೆದಿದ್ದನ್ನ ಬಾಟಲಿಯಲ್ಲಿ ಹಾಕಿ ಕೊಟ್ಟರಾ?" ನೀವು ತಮಾಷೆ ಮಾಡುವವರಲ್ಲ. ಅದೇ ನೋಡಿ ಕಷ್ಟ.

ಹೋಗಲಿ, ಮೂಳೆ ವಿಷಯಕ್ಕೆ ಬರುತ್ತೇನೆ. ಎಲ್ಲದರ ಮೇಲೂ ಧೂಳು, ಕೆಲವು ಹಳದಿ ತಿರುಗಿದ್ದವು. ಮೆಟ್ಟಿಲ ಕೆಳಗೆ ಒಂದು ಕೆಂಡದ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡು ಶುರುಮಾಡಿದವಳು ನಾನು. ಈಗ ಇಡೀ ಆಸ್ಪತ್ರೆಯ ಹೊದಿಕೆ ನನ್ನಲ್ಲಿಗೆ ಬರುತ್ತದೆ. ಕೊಳೆಯಾದ ಒಂದು ಕರವಸ್ತ್ರ ಕೂಡ ಈ ಬಾಗಿಲು ದಾಟಿ ಹೊರಗೆ ಹೋಗಿಲ್ಲ. ಗಂಡನ ಸಾಮಾನು ಕೊಳಕಾಗಿ ಹೋದರೆ ಪರೀಕ್ಷಕರು ಏನಂದುಕೊಳ್ಳುತ್ತಾರೆ? ಅದಕ್ಕೇ ಹೊದಿಕೆಗೆ ಹಾಕುವ ಬ್ಲೀಚಿನಲ್ಲಿ ಅದ್ದಿದೆ. ಮೈಗೆ ಹತ್ತುವ ಹಾಗೆ, ನಿಧಾನವಾಗಿ. ಆಮೇಲೆ ಹೊಸ ನೀರು, ಮತ್ತೆ ಹೊಸ ನೀರು, ಕೊನೆಗೆ ನೆರಳಲ್ಲಿ ಆರಹಾಕಿದೆ. ಎಷ್ಟು ಬೆಳ್ಳಗಾಗಿವೆ ಅಂತೀರಿ, ಹಲ್ಲುಜ್ಜಿದ ಮಕ್ಕಳ ಹಾಗೆ ಸಾಲಾಗಿ ಕೂತಿದ್ದವು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನೀವು ಹೇಳುತ್ತೀರಿ, ನನಗೆ ಗೊತ್ತು. ನಿಮ್ಮಿಂದಲೇ ಕಲಿತದ್ದು. ಒಮ್ಮೆ ನೀವು ಊರಲ್ಲಿಲ್ಲದಾಗ, ಬಂದು ನೋಡಿ ಖುಷಿಪಡಲಿ ಅಂತ, ಒಂದು ಮುಂಗುಸಿ ಬುರುಡೆಯನ್ನು ಹೀಗೇ ಬೆಳಗಿಸಿ ಇಟ್ಟಿದ್ದೆ. ಬ್ಲೀಚು ಕೊಳೆ ತಿಂದು ಸುಮ್ಮನಾಗಲ್ಲ, ಒಳಗಿನ ಅಂಟನ್ನೂ ತಿನ್ನುತ್ತೆ, ಎಷ್ಟು ತೊಳೆದರೂ ನಿಲ್ಲಲ್ಲ, ಇವತ್ತು ಹಾಲು, ನಾಲ್ಕು ತಿಂಗಳಿಗೆ ಸುಣ್ಣ ಅಂತ ಪಾಠ ಹೇಳಿದಿರಿ. "ಇದನ್ನ ಕೊಂದ ಲಾರಿಯವನೇ ವಾಸಿ" ಅಂದಿರಿ. ಆಮೇಲೆ ಆ ಬುರುಡೆಯನ್ನು ಅಡುಗೆಮನೆ ಕಿಟಕಿಯಲ್ಲಿಟ್ಟು, "ನಿನ್ನ ಕೈಗುಣ ನೀನೇ ದಿನಾ ನೋಡು" ಅಂತ ಹೇಳಿ ಮಾತು ಬಿಟ್ಟಿರಿ. ನೋಡಿದೆ. ಮೊದಲು ಹಲ್ಲು ಉದುರಿದವು. ಆಮೇಲೆ ಕೆನ್ನೆಯ ಮೂಳೆ ಪುಡಿಯಾಗಿ ಕಿಟಕಿಯ ಕಟ್ಟೆಯ ಮೇಲೆ ಬಿತ್ತು. ಒಂದು ದಿನ ಒರೆಸುವ ಬಟ್ಟೆಗೆ ಮೂತಿಯೇ ಅಂಟಿಕೊಂಡು ಬಂತು. ಪುಡಿ ಉಳಿಯುವ ತನಕ ನೀವು ಮಾತಾಡಲಿಲ್ಲ, ಪುಡಿಯಾದ ಮೇಲೂ ಮಾತಾಡಿದ್ದು ಉಪ್ಪು ಕಡಿಮೆಯಾಯಿತು ಅಂತ ಹೇಳಲು. ಎಲುಬಿಲ್ಲದ ನಾಲಿಗೆ ಅನ್ನುತ್ತಾರೆ. ಎಲುಬಿಲ್ಲದ್ದರ ಮೇಲೆ ನಿಮಗೆ ಆಸಕ್ತಿ ಮೊದಲಿನಿಂದಲೂ ಕಡಿಮೆ.

ಪೆಟ್ಟಿಗೆಗಳು ನಿನ್ನೆ ಲಾರಿಗೆ ಹೋದವು. ನೀವು ಬರೆದ ಹಾಗೆಯೇ ಹತ್ತಿ, ದಾರ, ಬೆಂಕಿಪೊಟ್ಟಣ. ಗೂಬೆಯನ್ನು ನಾನೇ ಸುತ್ತಿದೆ, ಬೇರೆಯವರ ಕೈಗೆ ಕೊಡಲಿಲ್ಲ. ಸೂಚನೆ ಒಂದನ್ನೂ ಮೀರಿಲ್ಲ. ತೊಳೆಯಬೇಡ ಅಂತ ನೀವು ಎಲ್ಲೂ ಬರೆದಿರಲಿಲ್ಲ. ಪರೀಕ್ಷಕರು ಮೆಚ್ಚುತ್ತಾರೆ, ಅನುಮಾನ ಬೇಡ. ಬಿಳುಪನ್ನು ಮೆಚ್ಚದ ಮನುಷ್ಯನನ್ನು ನಾನು ಕೌಂಟರಿನ ಈಚೆ ನಿಂತು ಇನ್ನೂ ಕಂಡಿಲ್ಲ.

ಅತ್ತಿಗೆಗೆ ನನ್ನ ನೆನಪುಗಳು. ಇಸ್ತ್ರಿಯವನೂ ಕೇಳಿದ ಅಂತ ಬರೆಯಲು ಹೇಳಿದ್ದಾನೆ. ಆರೋಗ್ಯ ನೋಡಿಕೊಳ್ಳಿ, ಹೊತ್ತಿಗೆ ಸರಿಯಾಗಿ ಉಣ್ಣಿ, ಮಂಡಿಗೆ ಎಣ್ಣೆ ಹಚ್ಚಿ. ದೊಡ್ಡ ಕೆಲಸಕ್ಕೆ ಸೇರುವವರಿಗೆ ಒಳ್ಳೆಯದಾಗಲಿ.

ಇತಿ,
ಇನ್ನೂ ನಿಮ್ಮ ಮನೆಯವಳು

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ನೆನಪಾಯಿತು, ಮುಖ್ಯವಾದದ್ದೇ ಬಿಟ್ಟಿದ್ದೆ. ಎಲ್ಲವನ್ನೂ ಬ್ಲೀಚಿಗೆ ಹಾಕಿಲ್ಲ. ಕಪಾಟಿನ ಕೆಳಗೆ ನಿಮ್ಮ ಪೆರಾಕ್ಸೈಡ್ ಕ್ಯಾನು ಉಳಿದಿತ್ತು, ಮೂಳೆಗೆ ಏನೂ ಮಾಡದ ಒಳ್ಳೆಯ ಔಷಧಿ ಅಂತ ನೀವು ಹೊಗಳುತ್ತಿದ್ದದ್ದು. ಕೆಲವನ್ನು ಅದರಲ್ಲೇ ಬೆಳ್ಳಗೆ ಮಾಡಿದೆ. ಯಾವುದು ಯಾವುದರಲ್ಲಿ ಅಂತ ನನಗೆ ಚೆನ್ನಾಗಿ ನೆನಪಿದೆ. ಮೂಸಿ ನೋಡಬೇಡಿ, ಆಸ್ಪತ್ರೆ ಹೊದಿಕೆಯಲ್ಲೇ ವಾಸನೆ ಉಳಿಸದವಳು ನಾನು. ಶನಿವಾರದ ಮುಂಚೆ ಪರೀಕ್ಷಕರಿಗೆ ಹೇಳಿದರೆ ಕೆಲಸ ಹೋಯಿತು. ಹೇಳದಿದ್ದರೆ ದಿನಾ ಬೆಳಿಗ್ಗೆ ಗಾಜು ತೆಗೆದು ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ನೋಡಬೇಕಾಗುತ್ತದೆ. ಕುದುರೆಯ ವಿಷಯ ತಿಳಿಯಲೇಬೇಕು ಅಂತಿದ್ದರೆ ಪತ್ರ ಬರೆಯಬೇಡಿ, ಉತ್ತರ ಕೊಡಲ್ಲ. ಇಲ್ಲಿಗೆ ಬಂದು ನನ್ನ ಮುಖ ನೋಡಿ ಕೇಳಿ. ಹಿಂದಿನ ಬಾಗಿಲಿಂದ ಬನ್ನಿ, ಮುಂದೆ ಗಿರಾಕಿಗಳಿರುತ್ತಾರೆ.