ಸೀರೆಗಳ ಕೆಳಗಿನ ಪಾಸ್‌ಪೋರ್ಟ್

೧೪ ಅಕ್ಟೋಬರ್, ಮಂಗಳವಾರ. ಪೆಟಾಲಿಂಗ್ ಜಯಾ, ಮಲೇಷ್ಯಾ.

ಮಾರಿಸೆಲ್ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಬೆಳಿಗ್ಗೆ ಕಾಲೇಜಿನಲ್ಲಿ ಫಿಲಿಪ್ಪೀನ್ಸ್ ಇತಿಹಾಸದ ಪಾಠ ಮಾಡಿದೆ. ಅಲ್ಲಿ ಆಳುತ್ತಿದ್ದ ಸ್ಪೇನನ್ನು ಓಡಿಸಲು ಬಂದ ಅಮೆರಿಕ ಅಲ್ಲೇ ಠಿಕಾಣಿ ಹೂಡಿತು. ಈ ಜನರಿಗೆ ತಮ್ಮನ್ನು ತಾವೇ ಆಳಿಕೊಳ್ಳಲು ಬರುವುದಿಲ್ಲ, ಕಲಿಯುವವರೆಗೆ ನಾವು ನೋಡಿಕೊಳ್ಳುತ್ತೇವೆ ಎಂದಿತು. ಕಸಿದುಕೊಂಡವರು ಕಾಪಾಡುತ್ತಿದ್ದೇವೆ ಎಂದೇ ಹೇಳುವುದು ಅಂತ ಮೇಜು ಕುಟ್ಟಿ ಹೇಳಿದೆ. ವಿದ್ಯಾರ್ಥಿಗಳು ಬರೆದುಕೊಂಡರು. ನನ್ನ ಮಾತು ನನಗೇ ಹಿತವಾಗಿತ್ತು.

ಸಂಜೆ ಪಾತ್ರೆ ಒರೆಸುತ್ತ ಮಾರಿಸೆಲ್ ಕೇಳಿದಳು: "ಮ್ಯಾಮ್, ನನ್ನ ಪಾಸ್‌ಪೋರ್ಟ್ ನನ್ನ ಹತ್ರಾನೇ ಇಟ್ಕೊಳ್ಲಾ?"

ಅವಳು ಮನಿಲಾದಿಂದ ನಮ್ಮ ಮನೆಗೆಲಸಕ್ಕೆ ಬಂದು ನಾಲ್ಕು ವರ್ಷ. ಬಂದ ದಿನವೇ ಅದನ್ನು ಇಸಿದುಕೊಂಡಿದ್ದೆ. ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ ಎಂದು ಪಕ್ಕದ ಮನೆಯ ಸುಮತಿ ಹೇಳಿಕೊಟ್ಟಿದ್ದರು.

"ಕಳ್ಕೊಂಡ್ರೆ ಕಷ್ಟ ಅಲ್ವಾ, ಮಾರಿಸೆಲ್. ನನ್ನ ಹತ್ರ ಸೇಫಾಗಿರುತ್ತೆ" ಎಂದೆ.

"ಓಕೆ, ಮ್ಯಾಮ್" ಎಂದು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

ಈಗ ರೇಷ್ಮೆ ಸೀರೆಗಳ ಕೆಳಗಿಂದ ತೆಗೆದು ನೋಡಿದೆ. ಫೋಟೊದಲ್ಲಿ ಎಷ್ಟು ಚಿಕ್ಕವಳು. ಮತ್ತೆ ಅಲ್ಲೇ ಇಟ್ಟೆ.

ಸದ್ಯದಲ್ಲೇ ಕೊಟ್ಟುಬಿಡುತ್ತೇನೆ ಎಂದು ಬರೆಯಹೊರಟು ಕೈ ನಿಂತಿತು. ಸ್ವಾತಂತ್ರ್ಯ ಕೊಡುತ್ತೇವೆ ಎಂದ ಅಮೆರಿಕವೂ ಮೊದಲು ದಿನಾಂಕ ಹೇಳಿರಲಿಲ್ಲ. ಅದನ್ನೂ ಇವತ್ತು ನಾನೇ ಮೇಜು ಕುಟ್ಟಿ ಹೇಳಿದ್ದೆ.