ಈಜು ತೆಗೆದ ನಕ್ಷೆ

ಅತ್ತಿಗೆ,

"ಮೀನಿನ ಮರಿ ಎಲ್ಲಿಗೆ ತೇಲಿ ಹೋಗುತ್ತೆ ಅಂತ ಲೆಕ್ಕ ಹಾಕ್ತೀಯಲ್ಲ, ನಿಮ್ಮಣ್ಣ ಎಲ್ಲಿದ್ದಾರೆ ಹೇಳು" ಅಂದಿರಿ. ದೋಣಿ ಮಗುಚಿದ ಜಾಗದಿಂದ ಅಣ್ಣನನ್ನು ನನ್ನ ಕಂಪ್ಯೂಟರಿನ ಕಡಲಿಗೆ ಬಿಟ್ಟೆ.

ಮೀನು ಉಳಿಯಲು ಯಾವ ಕೊಲ್ಲಿಯನ್ನು ಕಾಪಾಡಬೇಕೆಂದು ತಿಳಿಯಲು ಮಾಡಿದ ಲೆಕ್ಕ ಅದು. ಮರಿಗಳಿಗೆ ತುಸು ಈಜುವ ಶಕ್ತಿ ಕೊಟ್ಟಿರುತ್ತೇವೆ. ಅದನ್ನು ತೆಗೆಯಲು ಮರೆತೆ. ಅಣ್ಣ ನೇರ ನಿಮ್ಮ ಮನೆಯ ಕೆಳಗಿನ ದಡಕ್ಕೇ ಬಂದ.

ಈಜು ತೆಗೆದು ಲೆಕ್ಕವನ್ನು ಮತ್ತೆ ಓಡಿಸಿದೆ. ದೀಪಸ್ತಂಭದ ಹಿಂದಿನ ಬಂಡೆಗಳ ಹತ್ತಿರ ನಿಂತ.

ಹುಡುಕುವ ದೋಣಿಯವರಿಗೆ ಈ ಎರಡನೆಯ ನಕ್ಷೆ ಕೊಟ್ಟಿದ್ದೇನೆ. ಅವನ ಅಂಗಿಯ ಬಣ್ಣ ಕೇಳುತ್ತಿದ್ದಾರೆ. ಬರೆದು, ಪತ್ರ ತಂದವರ ಕೈಯಲ್ಲೇ ಕಳಿಸಿ.

ಅಮ್ಮ ದಿನವೂ ಮನೆಯ ಕೆಳಗಿನ ಆ ದಡಕ್ಕೆ ಹೋಗಿ ಕೂರುತ್ತಾಳಂತಲ್ಲ, ಬೇಡ ಅನ್ನಬೇಡಿ. ಮೊದಲನೆಯ ನಕ್ಷೆಯನ್ನು ನಾನೂ ಅಳಿಸಿಲ್ಲ.

ನಿಮ್ಮ ನಾದಿನಿ